ಗದೆ ಇಳಿಯುವ ಜಾಗ

ಶಿಷ್ಯ ಕೇಳಿದ: “ಗುರುಗಳೇ, ಬಲ್ಲವನೊಬ್ಬ ತನ್ನ ಸರಿಸಮಾನನಿಗೆ ವಿದ್ಯೆಯನ್ನು ಪೂರ್ತಿಯಾಗಿ ಹೇಳಿಕೊಡುತ್ತಾನೆಯೇ?”

ಈ ಶಿಷ್ಯ ಎಳೆಯನಲ್ಲ. ಮಠದಲ್ಲಿ ಹನ್ನೆರಡು ವರ್ಷಗಳಿಂದ ವ್ಯಾಕರಣ ಹೇಳಿಕೊಡುತ್ತಿದ್ದವನು. ಹೊಳೆ ಹರಿದು ಹೋಗುವ ಕಡೆಯ ಒಂದು ಊರಿನಲ್ಲಿ ಅವನ ವಯಸ್ಸಿನವರೇ ಆದ ಒಬ್ಬ ಪಂಡಿತರಿದ್ದರು. ಹಳೆಯ ಪದ್ಯಗಳನ್ನು ಬಿಡಿಸಿ ಓದುವ ಹೊಸದೊಂದು ಕ್ರಮ ಅವರಿಗೆ ಸಿದ್ಧಿಸಿತ್ತು. ಅದನ್ನು ಕಲಿಯಲೆಂದು ಶಿಷ್ಯ ಹೋಗಿ, ಮೂರು ತಿಂಗಳು ಅವರ ಮನೆಯಲ್ಲಿದ್ದು, ಹಿಂದಿನ ದಿನವಷ್ಟೇ ಮರಳಿದ್ದ.

“ಯಾಕೆ ಕೇಳುತ್ತೀ?” ಎಂದರು ಗುರುಗಳು.

“ನಾನು ಅವರ ಸೇವೆಯಲ್ಲಿ ಕೊರತೆ ಮಾಡಲಿಲ್ಲ. ನೀರು ಹೊತ್ತೆ. ಅವರ ಎಳೆಯ ವಿದ್ಯಾರ್ಥಿಗಳ ಸಾಲಿನಲ್ಲಿ ಕುಳಿತೆ. ಆದರೂ ಅವರು ಓದುವ ಹಾಗೆ ಓದಲು ನನಗೆ ಬರುತ್ತಿಲ್ಲ. ಅವರು ಏನನ್ನೋ ಮುಚ್ಚಿಟ್ಟಿದ್ದಾರೆ.”

ಗುರುಗಳು ಅದಕ್ಕೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಈ ಕತೆ ಹೇಳಿದರು.

ಒಂದು ಹೊಳೆಯ ಎರಡು ದಡಗಳಲ್ಲಿ ಎರಡು ಊರುಗಳಿದ್ದವು. ಎರಡರಲ್ಲೂ ಗರಡಿಮನೆಗಳಿದ್ದವು. ಈ ದಡದ ಗರಡಿಯ ಉಸ್ತಾದ ನಾಗೋಜಿ. ಆ ದಡದವನು ಮೀರಾಸಾಬ. ಇಬ್ಬರಿಗೂ ಐವತ್ತರ ಹತ್ತಿರ ವಯಸ್ಸು. ಇಬ್ಬರೂ ಕುಸ್ತಿ ಬಿಟ್ಟು ಹತ್ತು ವರ್ಷವಾಗಿತ್ತು. ಗದೆ ಬಿಟ್ಟಿರಲಿಲ್ಲ.

ಅದು ಉಕ್ಕಿನ ಗದೆ. ಎದೆಯೆತ್ತರದ ಹಿಡಿ, ಅದರ ತುದಿಗೆ ಉಕ್ಕಿನ ಗುಂಡು. ಹಿಡಿಯ ಬುಡವನ್ನು ಎರಡೂ ಕೈಯಲ್ಲಿ ಹಿಡಿದು ಎದೆಯ ಮುಂದೆ ನೆಟ್ಟಗೆ ನಿಲ್ಲಿಸಬೇಕು. ಗುಂಡನ್ನು ಒಂದು ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ ಇಳಿಸಿ, ಇನ್ನೊಂದು ಹೆಗಲ ಮೇಲಿಂದ ಮುಂದಕ್ಕೆ ತರಬೇಕು. ಇದು ಒಂದು ಸುತ್ತು. ನಾಗೋಜಿ ಇದನ್ನು ಮೂವತ್ತು ವರ್ಷ ತೋಳಿನ ಬಲದಿಂದ ಮಾಡಿದ್ದ. ಬಲ ಅವನಲ್ಲಿ ಬೇಕಾದಷ್ಟಿತ್ತು. ಗುಂಡು ಬೆನ್ನಿಗೆ ಬರುವ ಮೊದಲೇ ಅವನು ಅದನ್ನು ಎಳೆದುಕೊಂಡುಬಿಡುತ್ತಿದ್ದ. ನೋಡುವವರಿಗೆ ಅದು ವೇಗವಾಗಿ ಕಾಣುತ್ತಿತ್ತು.

ಐವತ್ತು ಹತ್ತಿರವಾದಾಗ ಅವನ ಬಲಗಡೆಯ ಹೆಗಲಿನಲ್ಲಿ ಏನೋ ಸರಿಯತೊಡಗಿತು. ಗುಂಡು ಬೆನ್ನ ಹಿಂದೆ ಹಾಯುವಾಗ ಒಳಗೆ ಸಣ್ಣ ಶಬ್ದವಾಗುತ್ತಿತ್ತು. ಇನ್ನೂರು ಸುತ್ತಿನ ಮೇಲೆ ನೋವು ತಡೆಯಲಾಗುತ್ತಿರಲಿಲ್ಲ. ಅವನು ಇದನ್ನು ಯಾರಿಗೂ ಹೇಳಲಿಲ್ಲ. ಇನ್ನೂರಕ್ಕೆ ಗದೆ ಇಳಿಸಿ, “ಇವತ್ತಿಗೆ ಸಾಕು” ಎನ್ನತೊಡಗಿದ.

ಗರಡಿಯಲ್ಲಿ ಉಸ್ತಾದ ಎಷ್ಟು ತಿರುಗಿಸಿದನೋ ಶಿಷ್ಯರೂ ಅಷ್ಟೇ ತಿರುಗಿಸುವುದು ರೂಢಿ. ಅವನು ನಿಲ್ಲಿಸಿದಲ್ಲಿ ಅವರೂ ನಿಲ್ಲಿಸಿದರು. ಒಂದು ವರ್ಷದಲ್ಲಿ ಅದು ಆ ಗರಡಿಯ ನಿಯಮವಾಯಿತು. ಹೊಸದಾಗಿ ಸೇರಿದವರು ಇನ್ನೂರರ ಆಚೆಗೆ ಲೆಕ್ಕವೇ ಇಲ್ಲವೆಂದು ತಿಳಿದರು. ನಾಗೋಜಿ ಇದನ್ನು ನೋಡುತ್ತಿದ್ದ. ನೋವಿಗಿಂತ ಅವನನ್ನು ಕಾಡಿದ್ದು ಇದು.

ಪ್ರತಿ ವರ್ಷ ಚಳಿಗಾಲ ಮುಗಿದು ಹೊಳೆಯಲ್ಲಿ ನೀರು ಇಳಿದಾಗ ಎರಡು ಊರಿನ ಉಸ್ತಾದರು ಮರಳಿನ ಮೇಲೆ ಎದುರುಬದುರು ನಿಂತು ಗದೆ ತಿರುಗಿಸುತ್ತಿದ್ದರು. ಮೊದಲು ಇಳಿಸಿದವನು ಸೋತಂತೆ. ಇಪ್ಪತ್ತು ವರ್ಷಗಳಲ್ಲಿ ಒಮ್ಮೆ ಇವನು, ಒಮ್ಮೆ ಅವನು ಗೆದ್ದಿದ್ದರು. ಆ ವರ್ಷ ನಾಗೋಜಿ ಇನ್ನೂರ ನಲವತ್ತಕ್ಕೆ ಇಳಿಸಿದ. ಮೀರಾಸಾಬ ನಾನೂರು ದಾಟಿದ. ದಾಟಿದ ಮೇಲೂ ಅವನ ಉಸಿರು ಏರಿರಲಿಲ್ಲ.

ಗದೆ ಇಳಿಸಿ ನಿಂತಿದ್ದ ನಾಗೋಜಿಗೆ ನೋಡಲು ಸಮಯ ಸಿಕ್ಕಿತು. ಮೀರಾಸಾಬನ ಗದೆ ಬೇರೆ ರೀತಿಯಲ್ಲಿ ತಿರುಗುತ್ತಿತ್ತು. ಬೆನ್ನ ಹಿಂದೆ ಅದು ಸೊಂಟದವರೆಗೂ ಇಳಿಯುತ್ತಿತ್ತು. ಅಲ್ಲಿ ಒಂದು ಕ್ಷಣ ನಿಂತ ಹಾಗೆ ಕಾಣುತ್ತಿತ್ತು. ಆಮೇಲೆ ಯಾರೂ ಎತ್ತದೆ ತಾನೇ ಎದ್ದು ಬರುತ್ತಿತ್ತು.

ಎಲ್ಲ ಮುಗಿದ ಮೇಲೆ ನಾಗೋಜಿ ಅವನ ಬಳಿ ಹೋದ.

“ಮೀರಾಸಾಬರೇ, ಇದು ನೀವು ಮೊದಲು ತಿರುಗಿಸುತ್ತಿದ್ದ ರೀತಿಯಲ್ಲ.”

“ಅಲ್ಲ. ನನ್ನ ಬೆನ್ನು ಹಿಡಿದುಕೊಂಡಿತ್ತು. ಗದೆ ಬಿಡುವ ಮನಸ್ಸಿರಲಿಲ್ಲ. ಎರಡು ವರ್ಷ ಒದ್ದಾಡಿ ಇದನ್ನು ಕಂಡುಕೊಂಡೆ. ಬೇಕಾದರೆ ಬನ್ನಿ, ಹೇಳಿಕೊಡುತ್ತೇನೆ.”

ನಾಗೋಜಿ ನಕ್ಕ. ಹೋಗಲಿಲ್ಲ. ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಅವನ ಗರಡಿಯಲ್ಲಿ ಇಪ್ಪತ್ತೈದರ ಗಟ್ಟಿಯಾಳೊಬ್ಬ ನೂರ ತೊಂಬತ್ತೊಂಬತ್ತು, ಇನ್ನೂರು ಎಂದು ಎಣಿಸಿ ಗದೆ ಕೆಳಗಿಟ್ಟ. ಅವನ ಮೈ ಬೆವರಿರಲಿಲ್ಲ.

“ಇನ್ನೂ ಶಕ್ತಿಯಿದೆಯಲ್ಲ, ಯಾಕೆ ಇಟ್ಟೆ?” ಎಂದು ನಾಗೋಜಿ ಕೇಳಿದ.

“ಇನ್ನೂರಾಯಿತಲ್ಲ, ಉಸ್ತಾದರೇ” ಎಂದ ಅವನು.

ಮರುದಿನ ನಾಗೋಜಿ ದೋಣಿ ಹತ್ತಿ ಹೊಳೆ ದಾಟಿದ.

ಮೀರಾಸಾಬ ಅವನನ್ನು ಗರಡಿಯೊಳಕ್ಕೆ ಕರೆದೊಯ್ದ. ಹಗುರವಾದ ಗದೆಯೊಂದನ್ನು ಕೈಗೆ ಕೊಟ್ಟ. ಹೊಸದಾಗಿ ಸೇರಿದವರಿಗೆ ಕೊಡುವ ಗದೆ ಅದು. ನಾಗೋಜಿ ಮರುಮಾತಿಲ್ಲದೆ ತೆಗೆದುಕೊಂಡ. ಮೀರಾಸಾಬ ತಾನೊಮ್ಮೆ ತಿರುಗಿಸಿ ತೋರಿಸಿ ಹೇಳಿದ:

“ಗುಂಡು ಹೆಗಲು ದಾಟಿದ ಮೇಲೆ ಅದನ್ನು ಇಳಿಯಲು ಬಿಡಿ. ತಳ ಮುಟ್ಟಿ ಅದು ತಾನೇ ಹೊರಳುತ್ತದೆ. ಹೊರಳಿದ ಮೇಲೆ ಎಳೆಯಿರಿ, ಮೊದಲು ಎಳೆಯಬೇಡಿ. ಇಷ್ಟೇ ಇರುವುದು.”

“ತಿಳಿಯಿತು” ಎಂದ ನಾಗೋಜಿ.

ಅಂದಿನಿಂದ ಅವನು ದಿನವೂ ಹೋದ. ಮೊದಲ ದೋಣಿಗೇ ಹೊಳೆ ದಾಟುತ್ತಿದ್ದ. ಎಲ್ಲರಿಗಿಂತ ಮುಂಚೆ ಬಂದು ಅಖಾಡದ ಕೆಮ್ಮಣ್ಣನ್ನು ಅಗೆದು ಹದ ಮಾಡುತ್ತಿದ್ದ. ಹೊಸಬರ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದ. ಮೀರಾಸಾಬ ಬೇಡವೆಂದರೂ ಕೇಳಲಿಲ್ಲ. “ಇಲ್ಲಿ ನಾನು ಕಲಿಯುವವನು” ಎಂದ. ಮಧ್ಯಾಹ್ನದ ಊಟ ಮೀರಾಸಾಬನ ಮನೆಯಲ್ಲೇ ಆಗುತ್ತಿತ್ತು. ಅವನ ಹೆಂಡತಿ ರಾಬಿಯಾಬಿ ಬಡಿಸುತ್ತಿದ್ದಳು. ನಾಗೋಜಿ ಉಂಡ ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದ.

ಸುದ್ದಿ ಎರಡೂ ಊರುಗಳಲ್ಲಿ ಹಬ್ಬಿತು. ನಲವತ್ತು ಶಿಷ್ಯರ ಉಸ್ತಾದ ಇನ್ನೊಬ್ಬ ಉಸ್ತಾದನ ಮುಂದೆ ಹೊಸಬನಂತೆ ನಿಂತಿದ್ದಾನೆ ಎಂದು ಜನ ಬೆರಗಾದರು. ದೋಣಿಯವನು ಅವನನ್ನು ಕಂಡು ಎದ್ದು ನಿಲ್ಲತೊಡಗಿದ. ಅಂಗಡಿಯ ಮುಂದೆ ಕುಳಿತ ಹಿರಿಯರು ತಮ್ಮ ಮಕ್ಕಳಿಗೆ ಅವನನ್ನು ತೋರಿಸಿ, ಮನುಷ್ಯ ಹೀಗಿರಬೇಕು ಎಂದರು. ನಾಗೋಜಿ ತಲೆ ಬಗ್ಗಿಸಿಕೊಂಡು ನಡೆಯುತ್ತಿದ್ದ. ಆ ಮಾತುಗಳು ಅವನ ಕಿವಿಗೆ ಬೀಳುತ್ತಿದ್ದವು. ಹಿತವಾಗಿದ್ದವು.

ಅವನು ಸೇರಿದ ವಾರದಲ್ಲೇ ಒಬ್ಬ ನೇಕಾರ ಆ ಗರಡಿಗೆ ಸೇರಿದ್ದ. ಸಣ್ಣ ಮೈಯವನು. ತೋಳಿನಲ್ಲಿ ಬಲವೇ ಇಲ್ಲದವನು. ಅವನಿಗೆ ಹದಿನೈದು ದಿನದಲ್ಲಿ ಆ ಸುತ್ತು ಬಂತು. ಗದೆ ಅವನ ಬೆನ್ನ ಹಿಂದೆ ಇಳಿದು, ನಿಂತು, ತಾನೇ ಎದ್ದು ಬರುತ್ತಿತ್ತು.

ನಾಗೋಜಿಗೆ ಬರಲಿಲ್ಲ. ನೋಡುವವರಿಗೆ ಬಂದಂತೆಯೇ ಕಾಣುತ್ತಿತ್ತು. ಗದೆ ಸೊಂಟದವರೆಗೆ ಇಳಿಯುತ್ತಿತ್ತು, ಏಳುತ್ತಿತ್ತು. ಆದರೆ ಮೀರಾಸಾಬ ದಿನವೂ ಒಂದೇ ಮಾತು ಹೇಳುತ್ತಿದ್ದ: “ಇನ್ನೂ ಎಳೆಯುತ್ತಿದ್ದೀರಿ.”

“ಇಲ್ಲ, ಬಿಟ್ಟಿದ್ದೇನೆ” ಎನ್ನುತ್ತಿದ್ದ ನಾಗೋಜಿ. ಅವನು ಸುಳ್ಳು ಹೇಳುತ್ತಿರಲಿಲ್ಲ. ಬಿಟ್ಟಿದ್ದೇನೆಂದೇ ಅವನು ನಂಬಿದ್ದ. ಬೆನ್ನ ಹಿಂದೆ ನಡೆಯುವುದು ಅವನಿಗೆ ಕಾಣುತ್ತಿರಲಿಲ್ಲ. ಅಲ್ಲಿ ಅವನ ತೋಳು ಮೂವತ್ತು ವರ್ಷ ಮಾಡಿದ್ದನ್ನೇ ಮಾಡುತ್ತಿತ್ತು. ಗುಂಡು ತಳ ಮುಟ್ಟುವ ಮೊದಲೇ ಒಂದಿಷ್ಟು ಎಳೆದುಬಿಡುತ್ತಿತ್ತು. ಬಲ ಇದ್ದುದರಿಂದ ತಪ್ಪು ಹೊರಗೆ ಕಾಣುತ್ತಿರಲಿಲ್ಲ. ಹೆಗಲಿಗೆ ಮಾತ್ರ ಗೊತ್ತಾಗುತ್ತಿತ್ತು. ಇನ್ನೂರಕ್ಕೆ ಅದೇ ನೋವು.

ಹೀಗೆ ನಲವತ್ತು ದಿನ ಕಳೆದವು. ಮರಳಿನ ಮೇಲಿನ ಪಂದ್ಯಕ್ಕೆ ಇಪ್ಪತ್ತು ದಿನ ಉಳಿದಿತ್ತು.

ನಾಗೋಜಿಯ ಹಿರಿಯ ಶಿಷ್ಯ ತಿಪ್ಪಣ್ಣ ಎಂಬವನು. ಉಸ್ತಾದ ಇಲ್ಲದಾಗ ಗರಡಿ ನೋಡಿಕೊಳ್ಳುತ್ತಿದ್ದವನು. ಅವನು ಒಂದು ಸಂಜೆ ದೋಣಿಗಟ್ಟೆಯಲ್ಲಿ ಕಾದು ನಿಂತು ನಾಗೋಜಿಯನ್ನು ತಡೆದ.

“ಉಸ್ತಾದರೇ, ಒಂದು ಮಾತು ಕೇಳಲೇ?”

“ಕೇಳು.”

“ಆ ನೇಕಾರನಿಗೆ ಹದಿನೈದು ದಿನದಲ್ಲಿ ಬಂದದ್ದು ನಿಮಗೆ ನಲವತ್ತು ದಿನವಾದರೂ ಬಂದಿಲ್ಲ. ನಿಮಗಿಂತ ಆ ನೇಕಾರ ದೊಡ್ಡವನೇ?”

ನಾಗೋಜಿ ಮುಂದೆ ನಡೆದ. ತಿಪ್ಪಣ್ಣ ಜೊತೆಗೇ ನಡೆಯುತ್ತ ಹೇಳಿದ:

“ಬರುವ ತಿಂಗಳು ಮರಳಿನ ಮೇಲೆ ಮೀರಾಸಾಬರ ಎದುರಿಗೆ ನಿಲ್ಲುವವರು ನೀವು. ಆ ನೇಕಾರ ನಿಲ್ಲುವುದಿಲ್ಲ. ಅವನಿಗೆ ಹೇಳಿದ್ದನ್ನೆಲ್ಲ ನಿಮಗೂ ಹೇಳಿದ್ದಾರೆಯೇ, ವಿಚಾರ ಮಾಡಿ.”

ನಾಗೋಜಿ ಅವನನ್ನು ಗದರಿಸಿ ಕಳುಹಿಸಿದ. ಆದರೆ ಆ ಮಾತು ಅವನ ಜೊತೆಯಲ್ಲೇ ಮನೆಗೆ ಬಂತು. ಮರುದಿನ ಗರಡಿಯಲ್ಲಿ ಅವನು ಮೀರಾಸಾಬನನ್ನು ಬೇರೆ ಕಣ್ಣಿನಿಂದ ನೋಡಿದ. ನೇಕಾರನ ಕಿವಿಯಲ್ಲಿ ಏನೋ ಹೇಳಿದ ಹಾಗೆ ಕಂಡಿತು. ಗದೆಯ ಹಿಡಿಯ ಮೇಲೆ ಬೆರಳನ್ನು ಬೇರೆ ರೀತಿ ಇಟ್ಟ ಹಾಗೆ ಕಂಡಿತು. ಒಂದು ವಾರ ಹೀಗೆ ನೋಡಿದ. ನೋಡಿದಷ್ಟೂ ಸಂಶಯ ಬಲಿಯಿತು.

ಎಂಟನೆಯ ದಿನ ಊಟಕ್ಕೆ ಕುಳಿತಾಗ ಅವನು ತಟ್ಟೆಗೆ ಕೈ ಹಾಕಲಿಲ್ಲ.

“ಮೀರಾಸಾಬರೇ, ನೀವು ಒಂದನ್ನು ಹೇಳಿಲ್ಲ.”

ಮೀರಾಸಾಬ ತಲೆಯೆತ್ತಿ ನೋಡಿದ.

“ಅಖಾಡದ ಮಣ್ಣು ಅಗೆದೆ. ಹೊಸಬರ ಹಿಂದೆ ನಿಂತೆ. ಇನ್ನೇನು ಮಾಡಬೇಕಿತ್ತು, ಹೇಳಿ. ಪಂದ್ಯ ಹತ್ತಿರ ಬಂತೆಂದು ಮುಚ್ಚಿಟ್ಟಿದ್ದರೆ ಅದನ್ನಾದರೂ ಬಾಯಿಬಿಟ್ಟು ಹೇಳಿಬಿಡಿ.”

ರಾಬಿಯಾಬಿ ಬಡಿಸುತ್ತಿದ್ದ ಕೈಯನ್ನು ಹಿಂದಕ್ಕೆ ತೆಗೆದಳು. ಮೀರಾಸಾಬನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ.

“ನಾಳೆ ನಿಮ್ಮ ಗದೆಯನ್ನೇ ತನ್ನಿ, ದೊಡ್ಡದನ್ನು” ಎಂದ. “ಇನ್ನೂರು ತಿರುಗಿಸಿ. ಇಳಿಸಬೇಕು ಅನಿಸಿದಾಗ ಇಳಿಸಬೇಡಿ. ಪಾಠ ಅಲ್ಲಿಂದ ಶುರು.”

ಮರುದಿನ ನಾಗೋಜಿ ತನ್ನ ಗದೆ ತಂದ. ಮೀರಾಸಾಬ ಉಳಿದವರನ್ನೆಲ್ಲ ಗೋಡೆಯ ಬಳಿಗೆ ಸರಿಸಿ, ಹತ್ತು ಹೆಜ್ಜೆ ಒಳಗೆ ಯಾರೂ ಬರಬಾರದೆಂದ. ತಾನು ಮಾತ್ರ ನಾಗೋಜಿಯ ಹಿಂದೆ, ಬಲಮಗ್ಗುಲಿಗೆ, ಕೈಯಳತೆಯಲ್ಲಿ ನಿಂತ. ಎರಡು ಬೆರಳನ್ನು ನಾಗೋಜಿಯ ಮೊಣಕೈಗೆ ತಾಗಿಸಿದ.

“ಎಳೆಯುವ ಮೊದಲು ಮೊಣಕೈ ಬಿಗಿಯಾಗುತ್ತದೆ. ಅದು ನಿಮಗೆ ಗೊತ್ತಾಗುತ್ತಿಲ್ಲ. ನನ್ನ ಬೆರಳಿಗೆ ಗೊತ್ತಾಗುತ್ತದೆ. ಬಿಗಿಯಾದಾಗ ‘ಈಗ’ ಎನ್ನುತ್ತೇನೆ.”

ಗದೆ ಅದರಷ್ಟಕ್ಕೆ ನೇರವಾಗಿ ಇಳಿದರೆ ಮೀರಾಸಾಬನಿಗೆ ಒಂದು ಗೇಣು ದೂರದಲ್ಲಿ ಹಾಯ್ದು ಹೋಗುತ್ತಿತ್ತು. ನಡುವೆ ಎಳೆದರೆ ಅದು ಬಲಕ್ಕೆ ಹೊರಳುತ್ತಿತ್ತು. ಬಲಕ್ಕೆ ಅವನಿದ್ದ.

ನಾಗೋಜಿ ತಿರುಗಿಸಿದ. ನೂರಾಯಿತು. ಮೀರಾಸಾಬ “ಈಗ” ಎಂದ. ಮತ್ತೆ “ಈಗ” ಎಂದ. ಪ್ರತಿ ಸುತ್ತಿಗೂ ಎಂದ. ನಾಗೋಜಿಗೆ ಅದು ಕಿರಿಕಿರಿಯಾಯಿತು. ಎಳೆಯದಿದ್ದಾಗಲೂ ಬೇಕೆಂದೇ ಹೇಳುತ್ತಿದ್ದಾನೆ ಎನಿಸಿತು. ಇನ್ನೂರಾಯಿತು. ಹೆಗಲು ಉರಿಯತೊಡಗಿತು. ಇನ್ನೂರ ಮೂವತ್ತಾಯಿತು. ತೋಳಿನಲ್ಲಿ ಬಲ ಉಳಿದಿರಲಿಲ್ಲ. ಗದೆ ಭಾರವಾಗಿ ಬೆನ್ನ ಹಿಂದೆ ಇಳಿಯಿತು. ಅವನು ಬಿಟ್ಟಿರಲಿಲ್ಲ, ಹಿಡಿಯಲಾಗದೆ ಅದು ಇಳಿದಿತ್ತು. ಮೊದಲ ಬಾರಿಗೆ ಮೀರಾಸಾಬ ಏನೂ ಹೇಳಲಿಲ್ಲ. ಇನ್ನೊಂದು ಸುತ್ತಿಗೂ ಹೇಳಲಿಲ್ಲ.

ಮೂರನೆಯ ಸುತ್ತಿನಲ್ಲಿ ಗದೆ ಕೈಯಿಂದ ಜಾರಿ ಹೋಗುತ್ತಿದೆ ಎಂದು ನಾಗೋಜಿಗೆ ಅನಿಸಿತು. ಅವನು ಹೆದರಿದ. ಉಳಿದ ಬಲವನ್ನೆಲ್ಲ ಒಟ್ಟುಗೂಡಿಸಿ ಎಳೆದ.

ಮೀರಾಸಾಬ “ಈಗ” ಎನ್ನುವಷ್ಟರಲ್ಲಿ ಗುಂಡು ಅವನ ಮುಂಗೈಗೆ ಬಡಿಯಿತು. ಮೂಳೆ ಮುರಿದ ಶಬ್ದ ಗೋಡೆಯ ಬಳಿ ನಿಂತವರಿಗೂ ಕೇಳಿತು.

ಅವನು ಮಣ್ಣಿನ ಮೇಲೆ ಕುಳಿತ. ಮುಖ ಬಿಳಿಚಿಕೊಂಡಿತ್ತು. ನಾಗೋಜಿ ಗದೆ ಎಸೆದು ಅವನ ಮುಂದೆ ಮಂಡಿಯೂರಿದ.

“ಈಗ ಎಳೆದಿರಿ” ಎಂದ ಮೀರಾಸಾಬ. “ಅದಕ್ಕೆ ಮುಂಚಿನ ಎರಡು ಸುತ್ತು ಸರಿಯಿದ್ದವು. ಆ ಎರಡನ್ನು ನೆನಪಿಟ್ಟುಕೊಳ್ಳಿ.”

ಮೂಳೆ ಕಟ್ಟುವವನು ಬಂದ. ಕೈಗೆ ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಎರಡು ತಿಂಗಳು ಕೈ ಅಲುಗಿಸಬಾರದೆಂದ. ಪಂದ್ಯಕ್ಕೆ ಹನ್ನೊಂದು ದಿನವಿತ್ತು.

ನಾಗೋಜಿ ಹೊರಜಗಲಿಯಲ್ಲಿ ಕುಳಿತಿದ್ದ. ಒಳಗೆ ಹೋಗುವ ಧೈರ್ಯ ಅವನಿಗಿರಲಿಲ್ಲ. ರಾಬಿಯಾಬಿ ಹೊರಗೆ ಬಂದಳು.

“ತಂಗೀ, ನನ್ನಿಂದ ತಪ್ಪಾಯಿತು” ಎಂದ.

“ಕೈಗೆ ಬಿದ್ದ ಪೆಟ್ಟು ವಾಸಿಯಾಗುತ್ತದೆ, ಅಣ್ಣಾ. ನನ್ನ ಮನೆಯ ಅನ್ನದ ಮುಂದೆ ಕುಳಿತು ನೀವು ಆಡಿದ ಮಾತು ನನಗೆ ವಾಸಿಯಾಗುವುದಿಲ್ಲ” ಎಂದಳು ಅವಳು. ಸೆರಗಿನಿಂದ ಮುಖ ಒರೆಸಿಕೊಂಡಳು. “ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಗದೆ ತಿರುಗಿಸುವವರ ಹಿಂದೆ ಅವರು ಎಂದೂ ಹಾಗೆ ನಿಂತವರಲ್ಲ. ನಿಲ್ಲಬೇಡಿ ಅಂತ ರಾತ್ರಿಯೇ ಹೇಳಿದ್ದೆ. ಬೇರೆ ದಾರಿಯಿಲ್ಲ, ದೂರದಿಂದ ಹೇಳಿ ಸಾಕಾಯಿತು ಎಂದರು.”

ನಾಗೋಜಿ ಎದ್ದು ಹೋದ. ಮೂರು ದಿನ ಅವನು ಹೊಳೆ ದಾಟಲಿಲ್ಲ. ತನ್ನ ಗರಡಿಗೂ ಹೋಗಲಿಲ್ಲ. ತಿಪ್ಪಣ್ಣ ಮನೆಗೆ ಬಂದು, “ಆದದ್ದು ಆಯಿತು, ಇನ್ನು ಪಂದ್ಯ ನಮ್ಮದೇ” ಎಂದ. ನಾಗೋಜಿ ಅವನನ್ನು ನೋಡಿದ. ಅದೇ ಮಾತನ್ನು ತಾನೂ ಒಳಗೊಳಗೆ ಒಮ್ಮೆ ಅಂದುಕೊಂಡಿದ್ದು ನೆನಪಾಯಿತು. ನಾಚಿಕೆಯಾಯಿತು.

ನಾಲ್ಕನೆಯ ದಿನ ಅವನು ಹೊಳೆ ದಾಟಿದ. ಮೀರಾಸಾಬ ಗರಡಿಯ ಕಲ್ಲಿನ ಮೇಲೆ ಕೈ ಕಟ್ಟಿಸಿಕೊಂಡು ಕುಳಿತಿದ್ದ.

“ಮೂರು ದಿನ ಹಾಳು ಮಾಡಿದಿರಿ. ಗದೆ ತೆಗೆದುಕೊಳ್ಳಿ.”

ನಾಗೋಜಿ ಗದೆ ಎತ್ತಿದ. ಮೀರಾಸಾಬ ಎದ್ದು ಬಂದು ಅವನ ಹಿಂದೆ, ಬಲಮಗ್ಗುಲಿಗೆ, ಮೊದಲು ನಿಂತ ಜಾಗದಲ್ಲೇ ನಿಂತ. ಮುರಿದ ಕೈ ಎದೆಗೆ ಕಟ್ಟಿತ್ತು. ಇನ್ನೊಂದು ಕೈಯ ಬೆರಳನ್ನು ಮೊಣಕೈಗೆ ತಾಗಿಸಿದ.

“ದೂರ ನಿಲ್ಲಿ, ಮೀರಾಸಾಬರೇ.”

“ದೂರದಿಂದ ನಲವತ್ತೆಂಟು ದಿನ ಹೇಳಿದೆ. ತಿರುಗಿಸಿ.”

“ನನ್ನಿಂದಾಗದು. ಮತ್ತೆ ಬಡಿದರೆ?”

“ನೀವು ಎಳೆದರೆ ಬಡಿಯುತ್ತದೆ.”

ನಾಗೋಜಿ ಬಹಳ ಹೊತ್ತು ಗದೆಯನ್ನು ಎದೆಯ ಮುಂದೆ ಹಿಡಿದುಕೊಂಡೇ ನಿಂತ. ಆಮೇಲೆ ಹೆಗಲಿನ ಮೇಲಿಂದ ಹಿಂದಕ್ಕೆ ದಾಟಿಸಿದ. ತೋಳು ಎಳೆಯಲು ಹೊರಟಿತು. ಅದು ಹೊರಟದ್ದು ಅವನಿಗೆ ತಿಳಿಯಿತು. ಮೂವತ್ತು ವರ್ಷದಲ್ಲಿ ಎಂದೂ ತಿಳಿದಿರಲಿಲ್ಲ. ಹಿಂದೆ ಮನುಷ್ಯನಿದ್ದ. ಅವನು ತೋಳನ್ನು ಸಡಿಲ ಬಿಟ್ಟ. ಗುಂಡು ಇಳಿಯಿತು. ತಳ ಮುಟ್ಟಿತು. ಹೊರಳಿತು. ಎದ್ದು ಬಂತು. ಹೆಗಲಿನಲ್ಲಿ ಶಬ್ದವಾಗಲಿಲ್ಲ.

ಮೀರಾಸಾಬ ಏನೂ ಹೇಳಲಿಲ್ಲ. ನಾಗೋಜಿ ಮತ್ತೆ ತಿರುಗಿಸಿದ. ಮತ್ತೆ ತಿರುಗಿಸಿದ. ಅಂದು ಅವನು ಸುತ್ತುಗಳನ್ನು ಎಣಿಸಲಿಲ್ಲ. ನಿಲ್ಲಿಸಿದಾಗ ಬಿಸಿಲು ಗರಡಿಯ ಒಳಗೆ ಬಂದಿತ್ತು. ಗೋಡೆಯ ಬಳಿ ಎಣಿಸುತ್ತಿದ್ದ ನೇಕಾರ, ಮುನ್ನೂರ ಹತ್ತು ಎಂದ.

“ಇದನ್ನು ಮೊದಲ ದಿನವೇ ಹೇಳಿದ್ದಿರಿ” ಎಂದ ನಾಗೋಜಿ.

“ಹೇಳಿದ್ದೆ” ಎಂದ ಮೀರಾಸಾಬ. ಕಲ್ಲಿನ ಮೇಲೆ ಹೋಗಿ ಕುಳಿತ. ಮುರಿದ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿ ಹಿಡಿದುಕೊಂಡ.

ಪಂದ್ಯದ ದಿನ ಬಂತು. ಮುಂದಕ್ಕೆ ಹಾಕಿ ಎಂದು ನಾಗೋಜಿ ಹಿರಿಯರನ್ನು ಕೇಳಿದ್ದ. ಹಾಕಬಾರದೆಂದು ಮೀರಾಸಾಬ ಹೇಳಿ ಕಳುಹಿಸಿದ್ದ. ಎರಡೂ ಊರಿನವರು ಮರಳಿನ ಮೇಲೆ ಸೇರಿದರು. ಎದುರಿಗೆ ಯಾರೂ ಇಲ್ಲದೆ ನಾಗೋಜಿ ಒಬ್ಬನೇ ಗದೆ ಹಿಡಿದು ನಿಂತ. ತಿರುಗಿಸುವ ಮೊದಲು ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ಈ ಸುತ್ತು ನನ್ನದಲ್ಲ. ಮೀರಾಸಾಬರು ನನಗೆ ಕಲಿಸಿದ್ದು. ಅವರು ಮುಚ್ಚಿಟ್ಟಿದ್ದಾರೆಂದು ನಾನು ಅವರ ಮನೆಯಲ್ಲೇ ಕುಳಿತು ಆಡಿದೆ. ಅವರ ಕೈ ಮುರಿದವನು ನಾನು.”

ನಾಗೋಜಿಯ ಊರಿನವರಿಗೆ ಈ ಮಾತು ಇಷ್ಟವಾಗಲಿಲ್ಲ. ಗೆಲ್ಲುವ ದಿನ ಯಾಕೆ ಇದೆಲ್ಲ ಎಂದು ಗೊಣಗಿದರು. ನಾಗೋಜಿ ಐನೂರು ತಿರುಗಿಸಿ ಗದೆ ಇಳಿಸಿದ. ತಿಪ್ಪಣ್ಣ ಮರುದಿನದಿಂದ ಗರಡಿಗೆ ಬರಲಿಲ್ಲ. ಅವನ ಜೊತೆಗೆ ಎಂಟು ಮಂದಿ ಹೋದರು. ಉಳಿದವರು ಇನ್ನೂರರ ನಿಯಮವನ್ನು ಮರೆತರು.

ಮೀರಾಸಾಬನ ಕೈ ಕೂಡಿತು, ಆದರೆ ಸೊಟ್ಟವಾಗಿ ಕೂಡಿತು. ದೊಡ್ಡ ಗದೆಯನ್ನು ಅವನು ಮತ್ತೆ ಎತ್ತಲಿಲ್ಲ. ಹದಿನೆಂಟು ವರ್ಷ ಕಲ್ಲಿನ ಮೇಲೆ ಕುಳಿತು ಕಲಿಸಿದ. ರಾಬಿಯಾಬಿ ನಾಗೋಜಿಗೆ ಮತ್ತೆ ಬಡಿಸಿದಳು. ಎರಡು ವರ್ಷ ಅವನ ಜೊತೆ ಮಾತಾಡದೆ ಬಡಿಸಿದಳು.

ಆ ಸುತ್ತನ್ನು ಜನ ಮರಳಿನ ಮೇಲೆ ನೋಡಿದ್ದು ನಾಗೋಜಿಯ ಕೈಯಲ್ಲಿ. ಆದ್ದರಿಂದ ಅದಕ್ಕೆ ನಾಗೋಜಿ ಸುತ್ತು ಎಂದು ಹೆಸರಾಯಿತು. ಅವನು ಕಂಡಕಂಡವರಿಗೆಲ್ಲ, ಅದು ನನ್ನದಲ್ಲ, ಮೀರಾಸಾಬರದು ಎನ್ನುತ್ತಿದ್ದ. ಜನ ಅದನ್ನು ಅವನ ವಿನಯವೆಂದು ತಿಳಿದರು. ಹೇಳಿದಷ್ಟೂ ಅವನ ಹೆಸರೇ ಗಟ್ಟಿಯಾಯಿತು. ಕೊನೆಗೆ ಮೀರಾಸಾಬನೇ, “ಬಿಡಿ, ಹೆಸರಿನಿಂದ ಗದೆ ತಿರುಗುವುದಿಲ್ಲ” ಎಂದ. ಆದರೂ ನಾಗೋಜಿ ಸಾಯುವವರೆಗೆ ಹೇಳುವುದನ್ನು ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: “ನಾಗೋಜಿಗೆ ಅವನ ಬಲವೇ ಅಡ್ಡಿಯಾಯಿತು. ನನಗೂ ನನ್ನ ವ್ಯಾಕರಣ ಅಡ್ಡಿಯಾಗಿರಬಹುದು. ಅದನ್ನು ಒಪ್ಪುತ್ತೇನೆ. ಆದರೆ ಗುರುಗಳೇ, ಮೀರಾಸಾಬ ಪೆಟ್ಟು ಬೀಳುವ ಜಾಗದಲ್ಲಿ ನಿಂತು ಕಲಿಸಿದ. ನನ್ನ ಪಂಡಿತರು ಜಗಲಿಯ ಮೇಲೆ ಕುಳಿತು ಪಾಠ ಹೇಳಿದರು. ಅಷ್ಟೇ.”

“ಅವರು ನಿನ್ನನ್ನು ಒಂದು ಸಭೆಗೆ ಕರೆದೊಯ್ದಿದ್ದರಂತೆ?”

“ಹೌದು. ಎರಡು ತಿಂಗಳು ಕಳೆದ ಮೇಲೆ. ಊರೂರಿನ ವಿದ್ವಾಂಸರು ಬಂದಿದ್ದರು. ಇವನು ನನ್ನಲ್ಲಿ ಕಲಿಯುತ್ತಿದ್ದಾನೆ ಎಂದು ಎಲ್ಲರಿಗೂ ಹೇಳಿ, ತಮ್ಮ ಕ್ರಮದಲ್ಲಿ ಒಂದು ಪದ್ಯ ಓದಲು ನನಗೆ ಬಿಟ್ಟುಕೊಟ್ಟರು. ನಾನು ನನ್ನ ಹಳೆಯ ರೀತಿಯಲ್ಲೇ ಬಿಡಿಸಿ ತಪ್ಪು ಅರ್ಥ ಹೇಳಿಬಿಟ್ಟೆ. ಸಭೆಯೆಲ್ಲ ನಕ್ಕಿತು.”

ಗುರುಗಳು ಕೇಳಿದರು: “ಸಭೆಯವರು ನಕ್ಕದ್ದು ಯಾರ ಕಡೆ ತಿರುಗಿ?”

“ಪಂಡಿತರ ಕಡೆ” ಎಂದ ಶಿಷ್ಯ.